ನಾವು ಮನೆ ಕೊಂಡ ಫೋರ್ಸೈತ್ ಕೌಂಟಿಯ ಹಳೇ ಕತೆ ನಿಮಗೆ ಗೊತ್ತಿತ್ತಾ?

ಕೊಪ್ಪದ ಹುಡುಗಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಾವು ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ, ಅಟ್ಲಾಂಟಾದ ಉತ್ತರಕ್ಕಿರುವ ಫೋರ್ಸೈತ್ ಕೌಂಟಿಯಲ್ಲಿ 2014ರಿಂದ ಇದ್ದೇವೆ. ಶಾಲೆ ಚೆನ್ನಾಗಿದೆ ಅಂತ ಎಲ್ಲರ ಹಾಗೆ ಇಲ್ಲೇ ಮನೆ ಕೊಂಡೆವು. ನಮ್ಮ ಬೀದಿಯಲ್ಲೇ ಮೂರು ಕನ್ನಡದ ಮನೆಗಳಿವೆ. ಈಗ ಅಪ್ಪ ಕೊಪ್ಪದಿಂದ ಬಂದಿದ್ದಾರೆ. ರಿಟೈರ್ ಆದ ಮೇಷ್ಟ್ರು. ಎಲ್ಲಿ ಬೋರ್ಡು ಕಂಡರೂ ನಿಂತು ಕೊನೇ ಸಾಲಿನವರೆಗೆ ಓದುತ್ತಾರೆ. ಕಳೆದ ವಾರ ಕಮ್ಮಿಂಗ್ ಪೇಟೆಗೆ ಹೋದಾಗ ಒಂದು ಫಲಕದ ಮುಂದೆ ನಿಂತವರು ಕದಲಲೇ ಇಲ್ಲ. ನಾನು ಹತ್ತಿರ ಹೋಗಿ ಓದಿದೆ. ಇಷ್ಟು ವರ್ಷ ಅದರ ಪಕ್ಕದಲ್ಲೇ ಓಡಾಡಿದ್ದೇನೆ, ಒಂದು ದಿನವೂ ನೋಡಿರಲಿಲ್ಲ.

1912ರ ಸೆಪ್ಟೆಂಬರಿನಲ್ಲಿ ಈ ಪೇಟೆಯಲ್ಲೇ ರಾಬ್ ಎಡ್ವರ್ಡ್ಸ್ ಎಂಬ ಕಪ್ಪು ಮನುಷ್ಯನನ್ನು ಗುಂಪೊಂದು ಜೈಲಿನಿಂದ ಎಳೆದು ತಂದು ಕೊಂದಿತು. ಮನೆಗೆ ಬಂದು ಇನ್ನಷ್ಟು ಹುಡುಕಿ ಓದಿದೆ. ಮುಂದಿನ ತಿಂಗಳು ಹದಿಹರೆಯದ ಇಬ್ಬರು ಕಪ್ಪು ಹುಡುಗರನ್ನು ಅವಸರದ ವಿಚಾರಣೆ ನಡೆಸಿ, ಸಾವಿರಾರು ಜನ ನೋಡುತ್ತಿದ್ದಂತೆ ಗಲ್ಲಿಗೇರಿಸಿದರು. ಆಮೇಲೆ ರಾತ್ರಿ ಹೊತ್ತು ಕುದುರೆ ಏರಿ ಬಂದವರು ಕಪ್ಪು ಜನರ ಮನೆಗಳಿಗೆ ಗುಂಡು ಹೊಡೆದರು, ಚರ್ಚುಗಳಿಗೆ ಬೆಂಕಿ ಇಟ್ಟರು. 1910ರ ಜನಗಣತಿಯಲ್ಲಿ ಇಲ್ಲಿ 1,098 ಕಪ್ಪು ಜನ ಇದ್ದರು. ಕೆಲವೇ ತಿಂಗಳಲ್ಲಿ ಹೆಚ್ಚುಕಡಿಮೆ ಎಲ್ಲರೂ ಊರು ಬಿಟ್ಟರು. ಆಮೇಲೆ ಮುಕ್ಕಾಲು ಶತಮಾನ ಇದು ಬಿಳಿಯರ ಕೌಂಟಿಯಾಗಿಯೇ ಉಳಿಯಿತು.

ಅಪ್ಪ ಕೇಳಿದ್ದು ಒಂದೇ ಪ್ರಶ್ನೆ. "ಆ ಜನರ ಹೊಲ, ಮನೆ ಯಾರ ಹೆಸರಿಗೆ ಹೋಯ್ತು ಮಗಾ?" ನನಗೆ ಉತ್ತರ ಗೊತ್ತಿರಲಿಲ್ಲ. ನಮ್ಮ ಮನೆಯವರು, "ನಾವು ಬಂದಿದ್ದು ನೂರು ವರ್ಷದ ನಂತರ, ಸಾಲ ಮಾಡಿ ದುಡ್ಡು ಕೊಟ್ಟು ಕೊಂಡಿದ್ದು, ನಮಗೂ ಅದಕ್ಕೂ ಏನು ಸಂಬಂಧ" ಎಂದರು. ಅವರು ಹೇಳಿದ್ದು ತಪ್ಪು ಅಂತ ಹೇಳೋಕೆ ಆಗಲಿಲ್ಲ. ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ.

ಕಳೆದ ವರ್ಷ ಸಿಟಿಜನ್ ಆದೆ. ಈ ಸಲ ಮೊದಲ ಓಟು ಹಾಕುತ್ತೇನೆ. ನಿಮಗೆ ಈ ಕತೆ ಗೊತ್ತಿತ್ತಾ? ಸಂಬಂಧ ಇದೆ ಅಂತೀರಾ, ಇಲ್ಲ ಅಂತೀರಾ?

ಓದುಗ 42

ಹತ್ತು ವರ್ಷದಿಂದ ಇದೇ ಕೌಂಟಿಯಲ್ಲಿದ್ದೇನೆ. ಗೊತ್ತೇ ಇರಲಿಲ್ಲ.

ಶರಾವತಿ ಕಣಿವೆ

ಲೇಕ್ ಲೇನಿಯರ್‌ನಲ್ಲಿ ಎಷ್ಟು ಸಲ ದೋಣಿ ಹತ್ತಿಲ್ಲ ನಾವೆಲ್ಲ! ಆ ಕೆರೆ ಆಗಿದ್ದು 1950ರ ದಶಕದಲ್ಲಿ, ಬ್ಯುಫೋರ್ಡ್ ಅಣೆಕಟ್ಟು ಕಟ್ಟಿದಾಗ. 1912ರ ಘಟನೆಗಳಲ್ಲಿ ಹೆಸರು ಬರುವ ಆಸ್ಕರ್‌ವಿಲ್ ಸುತ್ತಲಿನ ನೆಲದ ಒಂದಷ್ಟು ಭಾಗ ಈಗ ನೀರಿನ ಕೆಳಗಿದೆ.

ನಾನು ಲಿಂಗನಮಕ್ಕಿ ಮುಳುಗಡೆ ಕುಟುಂಬದವಳು. ನಮ್ಮಜ್ಜ ಸಾಯುವವರೆಗೂ ಮುಳುಗಿದ ತೋಟದ ಮಾತೇ ಆಡುತ್ತಿದ್ದರು. ಪರಿಹಾರ ಸಾಲಲಿಲ್ಲ, ಕೊಟ್ಟ ಜಮೀನಿಗೆ ಪಟ್ಟಾ ಸಿಗಲಿಲ್ಲ. ಆದರೂ ನಮ್ಮವರಿಗೆ ಸರ್ಕಾರ ಒಂದು ನೋಟಿಸ್ ಕೊಟ್ಟಿತ್ತು, ನಮ್ಮ ಹೆಸರು ಒಂದು ಪಟ್ಟಿಯಲ್ಲಿ ಇತ್ತು. ಇಲ್ಲಿಯವರನ್ನು ನಲವತ್ತು ವರ್ಷ ಮೊದಲೇ ಬಂದೂಕು ತೋರಿಸಿ ಓಡಿಸಿದ್ದರು. ಹಾಗಾಗಿ ಸರ್ಕಾರ ಜಮೀನು ಕೊಳ್ಳಲು ಬಂದಾಗ ಪರಿಹಾರ ಕೇಳೋಕೆ ಅವರು ಅಲ್ಲಿ ಇರಲೇ ಇಲ್ಲ. ಪಡೆದವರು ಬೇರೆಯವರು.

ನಿಮ್ಮ ಅಪ್ಪನ ಪ್ರಶ್ನೆಗೆ ಉತ್ತರ: ಕೆಲವರು ಸಿಕ್ಕಿದ ಬೆಲೆಗೆ ಮಾರಿ ಹೋದರು. ಕೆಲವರ ಜಮೀನನ್ನು ಅಕ್ಕಪಕ್ಕದವರು ಬೇಲಿ ಸರಿಸಿ ಉಳುತ್ತಾ, ತೆರಿಗೆ ಕಟ್ಟುತ್ತಾ ತಮ್ಮದು ಮಾಡಿಕೊಂಡರು.

ಡುಲೂತ್ ದಾವಣಗೆರೆ

ಅಕ್ಕಾ, ಓದಿ ಬೇಜಾರಾಯಿತು, ಸುಳ್ಳು ಹೇಳಲ್ಲ. ಆದರೆ ನಿಮ್ಮ ಮನೆಯವರು ಹೇಳಿದ್ದೇ ಸರಿ ಅಂತ ನನಗನ್ನಿಸುತ್ತದೆ.

ನಾನು 1999ರಲ್ಲಿ ಎರಡು ಸೂಟ್‌ಕೇಸ್ ಹಿಡಿದು ಬಂದವನು. ಯಾರ ಜಮೀನನ್ನೂ ಕಿತ್ತುಕೊಂಡಿಲ್ಲ. ಹತ್ತು ವರ್ಷ ಗ್ರೀನ್ ಕಾರ್ಡ್ ಸಾಲಿನಲ್ಲಿ ನಿಂತೆ. ಅಪ್ಪ ತೀರಿಕೊಂಡಾಗ ವೀಸಾ ಸ್ಟ್ಯಾಂಪಿಂಗ್ ಆಗದೆ ವಾಪಸ್ ಬರಲು ಆಗದಿದ್ದರೆ ಎಂಬ ಭಯಕ್ಕೆ ಊರಿಗೆ ಹೋಗಲಿಲ್ಲ. ನನಗೆ ಯಾರೂ ಏನೂ ಸುಮ್ನೆ ಕೊಟ್ಟಿಲ್ಲ. ಜನಾಂಗ ನೋಡಿ ಭೇದ ಮಾಡಬಾರದು ಎಂಬ ಸಿವಿಲ್ ರೈಟ್ಸ್ ಕಾನೂನು ಬಂದಿದ್ದು 1964ರಲ್ಲಿ. ಅರವತ್ತು ವರ್ಷದ ಮೇಲಾಯಿತು. ಒಬಾಮಾ ಎರಡು ಸಲ ಗೆದ್ದರು. ಇವತ್ತಿಗೂ ಕಪ್ಪು ಜನರನ್ನು ಕೆಳಗಿಡುವ ಒಂದು ಕಾನೂನು ತೋರಿಸಿ, ನಾನು ನಿಮ್ಮ ಜೊತೆ ಬೀದಿಗೆ ಇಳಿಯುತ್ತೇನೆ. ಹಳೇದನ್ನೇ ಕೆದಕುತ್ತಾ ಕೂತರೆ ಮಕ್ಕಳು ಮುಂದೆ ನೋಡುವುದು ಯಾವಾಗ?

ಹಳೇ ಮೈಸೂರು

ದಾವಣಗೆರೆಯವರೇ, ನಿಮ್ಮ ಕಷ್ಟ ನನಗೆ ಗೊತ್ತು. ಆದರೆ ನೀವು ಸಾಲಿನಲ್ಲಿ ನಿಂತಿರಿ ಅಂದಿರಲ್ಲ, ಆ ಸಾಲು ಹುಟ್ಟಿದ್ದು ಹೇಗೆ ಅಂತ ಸ್ವಲ್ಪ ಹೇಳುತ್ತೇನೆ.

1917ರ ಕಾನೂನು ಭಾರತವೂ ಸೇರಿ ಏಷ್ಯಾದ ಬಹುಭಾಗಕ್ಕೆ ಬಾಗಿಲು ಮುಚ್ಚಿತು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. ಆತ ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯಲ್ಲಿ ಇದ್ದವರು. "ನಾನು ಆರ್ಯ ಕುಲದವನು, ಮೇಲ್ಜಾತಿಯವನು, ಆದ್ದರಿಂದ ಬಿಳಿಯ" ಎಂಬುದು ಅವರ ಪರದ ವಾದ. ಕೋರ್ಟು ಒಪ್ಪಲಿಲ್ಲ. ಭಾರತೀಯರು ಬಿಳಿಯರಲ್ಲ, ಪೌರತ್ವ ಇಲ್ಲ ಎಂದಿತು. ಅದಾಗಲೇ ಪೌರತ್ವ ಪಡೆದಿದ್ದ ಹಲವರಿಂದ ಅದನ್ನು ವಾಪಸ್ ಕಿತ್ತುಕೊಂಡರು. 1946ರಲ್ಲಿ ಬಾಗಿಲು ಚೂರು ತೆರೆಯಿತು. ಎಷ್ಟು ಗೊತ್ತಾ? ಇಡೀ ಭಾರತಕ್ಕೆ ವರ್ಷಕ್ಕೆ 100 ಜನ.

ಈ ದೇಶ ಬಾಗಿಲನ್ನು ನಿಜವಾಗಿ ತೆರೆದದ್ದು 1965ರಲ್ಲಿ. ಆ ವರ್ಷದ ಮಾರ್ಚ್ 7ರಂದು ಅಲಬಾಮಾದ ಸೆಲ್ಮಾ ಸೇತುವೆಯ ಮೇಲೆ ಕಪ್ಪು ಜನ ಮತದಾನದ ಹಕ್ಕು ಕೇಳಿ ಲಾಠಿ ಏಟು ತಿಂದರು. ಆಗಸ್ಟ್‌ನಲ್ಲಿ ಮತದಾನದ ಹಕ್ಕಿನ ಕಾನೂನು ಬಂತು. ಅಕ್ಟೋಬರ್ 3ಕ್ಕೆ ಅದೇ ಅಧ್ಯಕ್ಷ ಜಾನ್ಸನ್ ವಲಸೆ ಕಾನೂನಿಗೆ ಸಹಿ ಹಾಕಿದರು. ಚರ್ಮ ನೋಡಿ ಒಳಗೆ ಬಿಡುವುದು ನಾಚಿಕೆಗೇಡು ಅನ್ನುವ ಮಾತನ್ನು ಈ ದೇಶದ ಬಾಯಲ್ಲಿ ಹೇಳಿಸಿದ್ದು ಆ ಹೋರಾಟ.

ನಾನು 1974ರಲ್ಲಿ ಕ್ಲೀವ್‌ಲ್ಯಾಂಡ್‌ಗೆ ಬಂದೆ. ಒಂದು ಬಾಡಿಗೆ ಮನೆಗೆ ಫೋನ್ ಮಾಡಿದಾಗ ಖಾಲಿ ಇದೆ ಎಂದರು. ಮುಖ ನೋಡಿದ ಮೇಲೆ ಈಗಷ್ಟೇ ಹೋಯಿತು ಎಂದರು. ಕೆಲಸದ ಜಾಗದಲ್ಲಿ ಒಬ್ಬ ಕಪ್ಪು ಹಿರಿಯರಿದ್ದರು. ಅವರೇ ನನ್ನನ್ನು ಕರೆದುಕೊಂಡು ಹೋಗಿ 1968ರ ಫೇರ್ ಹೌಸಿಂಗ್ ಕಾನೂನಿನ ಅಡಿ ದೂರು ಬರೆಸಿದರು. ಆ ಕಾನೂನು ಪಾಸಾಗಿದ್ದು ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾಗಿ ಒಂದು ವಾರದಲ್ಲಿ. ನನಗೆ ಮನೆ ಸಿಕ್ಕಿತು. ಆ ಹಿರಿಯರಿಗೆ ನಾನು ಒಂದು ಊಟವನ್ನೂ ಹಾಕಿಸಲಿಲ್ಲ. ಆಗ ನಮ್ಮ ಬಳಗದಲ್ಲಿ ಕಪ್ಪು ಜನರನ್ನು ಮನೆಗೆ ಕರೆಯುವುದು ಇರಲಿಲ್ಲ. ಐವತ್ತು ವರ್ಷ ಆಯಿತು, ಈಗಲೂ ಚುಚ್ಚುತ್ತದೆ.

ಚೌಕಟ್ಟು

ಹಳೇ ಮೈಸೂರು ಸರ್, ಗೌರವದಿಂದಲೇ ಒಂದು ತಿದ್ದುಪಡಿ. 1965ರ ವಲಸೆ ಕಾನೂನಿಗೆ ನಾಗರಿಕ ಹಕ್ಕುಗಳ ಹೋರಾಟ ಒಂದೇ ಕಾರಣ ಅಲ್ಲ. ಶೀತಲ ಸಮರದ ಹೊತ್ತು. ಹೊಸದಾಗಿ ಸ್ವತಂತ್ರವಾದ ಏಷ್ಯಾ, ಆಫ್ರಿಕಾ ದೇಶಗಳ ಮುಂದೆ ಅಮೆರಿಕಕ್ಕೆ ಮುಜುಗರ ಆಗುತ್ತಿತ್ತು. ಕಾನೂನು ತಂದವರಲ್ಲಿ ಹಲವರು ಬರುವವರು ಯುರೋಪಿನವರೇ ಜಾಸ್ತಿ ಅಂದುಕೊಂಡಿದ್ದರು. ನಾವು ಇಷ್ಟು ಜನ ಬರುತ್ತೇವೆ ಅಂತ ಯಾರೂ ಎಣಿಸಿರಲಿಲ್ಲ.

ಹಳೇ ಮೈಸೂರು

ಒಪ್ಪುತ್ತೇನೆ. ಆದರೆ ಆ ಮುಜುಗರ ಹುಟ್ಟಿದ್ದು ಎಲ್ಲಿಂದ? ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿ ಹಕ್ಕು ಕೇಳಿದ ಕಪ್ಪು ಮಕ್ಕಳ ಮೇಲೆ ಪೊಲೀಸರು ನಾಯಿ ಬಿಟ್ಟ ಫೋಟೋಗಳನ್ನು ಜಗತ್ತೇ ನೋಡಿದ್ದರಿಂದ ಅಲ್ವಾ?

ಕಡಲತಡಿ

ನಮ್ಮ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ ಅವರನ್ನು ಇಲ್ಲಿ ನೆನೆಯಲೇಬೇಕು. 1941ರಲ್ಲಿ ಅವರು ಅಮೆರಿಕದ ದಕ್ಷಿಣದಲ್ಲಿ ರೈಲಿನಲ್ಲಿ ಹೋಗುತ್ತಿದ್ದರು. ಲೂಸಿಯಾನಾದಲ್ಲಿ ಟಿಕೆಟ್ ಕಲೆಕ್ಟರ್ ಬಂದು, ಇದು ಬಿಳಿಯರ ಬೋಗಿ, ಎದ್ದು ಹೋಗಿ ಎಂದ. ಅವರು ಏಳಲಿಲ್ಲ. ಆಮೇಲೆ ಅವನಿಗೆ ಅನುಮಾನ ಬಂದು ಯಾವ ದೇಶ ಎಂದು ಕೇಳಿದ. ಭಾರತದಿಂದ ಬಂದ ಅತಿಥಿ ಅಂದಿದ್ದರೆ ಸುಮ್ಮನೆ ಬಿಟ್ಟುಬಿಡುತ್ತಿದ್ದ. ಅವರು ಆ ದಾರಿ ಹಿಡಿಯಲಿಲ್ಲ. ನಾನೂ ಬಣ್ಣದ ಹೆಂಗಸೇ, ಏಳುವುದಿಲ್ಲ ಎಂದು ಕೂತರು. ಕಪ್ಪು ಹೆಂಗಸು ರೋಸಾ ಪಾರ್ಕ್ಸ್ ಬಿಳಿಯರಿಗೆ ಸೀಟು ಬಿಡದೆ ಬಸ್ಸಿನಲ್ಲಿ ಕೂತಿದ್ದು ಅದಾಗಿ 14 ವರ್ಷಕ್ಕೆ.

ಥಿಂಡ್ "ನಾನು ಬಿಳಿಯ" ಅಂತ ಕೋರ್ಟಿಗೆ ಹೋದರು. ಕಮಲಾದೇವಿ "ನಾನು ಇವರ ಪೈಕಿ" ಅಂತ ಕೂತರು. ನಮ್ಮ ಮುಂದೆ ಇವತ್ತಿಗೂ ಇವೇ ಎರಡು ದಾರಿ ಇವೆ.

ಓದುಗ 42

ಕಮಲಾದೇವಿ ಅಂದರೆ ಕರಕುಶಲ ವಸ್ತು ಅಂತಷ್ಟೇ ಗೊತ್ತಿತ್ತು. ರೋಮಾಂಚನ ಆಯಿತು.

ಮೆಂಫಿಸ್ ಡಾಕ್ಟ್ರು

ದಾವಣಗೆರೆ ಅಣ್ಣಾ, ನೀವು ಒಂದು ಕಾನೂನು ತೋರಿಸಿ ಅಂದಿರಿ. ನಾನು ಕಾನೂನು ಅಲ್ಲ, ಒಂದು ಲೆಕ್ಕದ ಸೂತ್ರ ತೋರಿಸುತ್ತೇನೆ. ಕಾನೂನಿನಲ್ಲಿ ಇಲ್ಲದ್ದು ಎಲ್ಲೆಲ್ಲಿ ಅಡಗಿರುತ್ತದೆ ಅಂತ ನಿಮಗೇ ಗೊತ್ತಾಗುತ್ತದೆ.

ನಾನು ಕಿಡ್ನಿ ಡಾಕ್ಟರ್. ಸ್ನಾಯುವಿನಿಂದ ರಕ್ತಕ್ಕೆ ಬರುವ ಕ್ರಿಯಾಟಿನಿನ್ ಎಂಬ ತ್ಯಾಜ್ಯ ಎಷ್ಟಿದೆ ಎಂದು ನೋಡಿ ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಎಂದು ಅಂದಾಜು ಮಾಡುತ್ತೇವೆ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಆ ಸೂತ್ರದಲ್ಲಿ ರೋಗಿ ಕಪ್ಪು ಜನಾಂಗದವರಾದರೆ ಬಂದ ಅಂಕಿಯನ್ನು ಹೆಚ್ಚಿಸುವ ಒಂದು ಗುಣಕ ಇತ್ತು. ಅವರ ಮೈಯಲ್ಲಿ ಸ್ನಾಯು ಜಾಸ್ತಿ ಎಂಬ ನಂಬಿಕೆ ಅದಕ್ಕೆ ಆಧಾರ. ಫಲ ಏನು? ಒಂದೇ ವಯಸ್ಸಿನ, ಒಂದೇ ರಿಪೋರ್ಟಿನ ಇಬ್ಬರು ಬಂದರೆ ಕಪ್ಪು ರೋಗಿಯ ಕಿಡ್ನಿ ಕಾಗದದ ಮೇಲೆ ಚೆನ್ನಾಗಿ ಕಾಣುತ್ತಿತ್ತು. ಕಿಡ್ನಿ ಕಸಿಯ ಸರದಿಗೆ ಸೇರಲು ಅಂಕಿ 20ಕ್ಕೆ ಇಳಿಯಬೇಕು. ಬಿಳಿಯ ರೋಗಿ ಸರದಿಗೆ ಸೇರುವ ಹೊತ್ತಿಗೆ ಕಪ್ಪು ರೋಗಿಗೆ "ಇನ್ನೂ ಕಾಯಿರಿ" ಎನ್ನುತ್ತಿದ್ದೆವು. ನಾನೂ ಹೇಳಿದ್ದೇನೆ. ನನಗೆ ಯಾರ ಮೇಲೂ ದ್ವೇಷ ಇರಲಿಲ್ಲ. ಸೂತ್ರ ಹೇಳಿತು, ನಾನು ಹೇಳಿದೆ. 2021ರಲ್ಲಿ ಆ ಗುಣಕವನ್ನು ತೆಗೆಯಿರಿ ಎಂದು ತಜ್ಞರ ಸಮಿತಿ ಹೇಳಿತು. 2023ರಿಂದ ಹೀಗೆ ಹಿಂದೆ ಉಳಿದವರ ಕಾಯುವ ಅವಧಿಯನ್ನು ಸರಿಪಡಿಸಲು ಶುರು ಮಾಡಿದರು.

ಸರಿಪಡಿಸುವುದಕ್ಕೆ ಮೊದಲೇ ಹೋದವರ ಮುಖಗಳು ನನಗೆ ನೆನಪಿವೆ.

ಡುಲೂತ್ ದಾವಣಗೆರೆ

ಡಾಕ್ಟ್ರೇ, ಇದು ನನಗೆ ಗೊತ್ತಿರಲಿಲ್ಲ. ಇದಕ್ಕೆ ಎದುರು ಹೇಳೋಕೆ ನನ್ನ ಹತ್ತಿರ ಏನೂ ಇಲ್ಲ.

ಆದರೆ ಕಾಲೇಜು ಸೀಟಿನ ವಿಷಯದಲ್ಲಿ ನಾನು ಬದಲಾಗಲ್ಲ. ನನ್ನ ಮಗ ರಾತ್ರಿ ಹಗಲು ಓದಿದ. 2023ರ ಜೂನ್‌ನಲ್ಲಿ ಸುಪ್ರೀಂ ಕೋರ್ಟು ಹಾರ್ವರ್ಡ್ ಪ್ರಕರಣದಲ್ಲಿ, ಪ್ರವೇಶಕ್ಕೆ ಜನಾಂಗ ನೋಡಬಾರದು ಎಂದು ಹೇಳಿತಲ್ಲ, ಅದು ನ್ಯಾಯ. ಏಷ್ಯಾದ ಮಕ್ಕಳಿಗೆ ಅಲ್ಲಿ ವ್ಯಕ್ತಿತ್ವದ ಅಂಕ ಕಡಿಮೆ ಬರುತ್ತಿತ್ತು ಎಂಬುದು ಅದೇ ಪ್ರಕರಣದಲ್ಲಿ ಹೊರಬಂದ ವಿಷಯ. ಅದು ಜನಾಂಗಭೇದ ಅಲ್ವಾ? ನಮ್ಮ ಮಕ್ಕಳ ಪರ ಯಾರು ಮಾತಾಡುತ್ತಾರೆ?

ಬಯಲುಸೀಮೆ

ಆ ಅಂಕದ ವಿಷಯ ನನಗೂ ಸಿಟ್ಟು ತರಿಸಿತು. ಆದರೆ ಅದೇ ಹಾರ್ವರ್ಡ್‌ನಲ್ಲಿ ಹಳೇ ವಿದ್ಯಾರ್ಥಿಗಳ ಮಕ್ಕಳಿಗೆ, ದೇಣಿಗೆ ಕೊಟ್ಟವರ ಮಕ್ಕಳಿಗೆ ಸಿಗುತ್ತಿದ್ದ ಮೀಸಲಾತಿಯ ಬಗ್ಗೆ ನಮ್ಮವರು ಯಾಕೆ ಮಾತಾಡಲ್ಲ? ಅದರ ಲಾಭ ಹೆಚ್ಚಾಗಿ ಬಿಳಿಯರಿಗೆ ಹೋಗುತ್ತದೆ. ಜಗಳ ಮಾತ್ರ ನಮಗೂ ಕಪ್ಪು ಜನರಿಗೂ.

ನಾನು ಕೋಲಾರದ ಕಡೆಯವನು, ಈಗ ಡಲ್ಲಾಸ್‌ನಲ್ಲಿದ್ದೇನೆ. ನಮ್ಮ ಕೇರಿ ಊರಿನ ಹೊರಗಿತ್ತು. ನಾನು ಮೀಸಲಾತಿಯಲ್ಲಿ ಇಂಜಿನಿಯರಿಂಗ್ ಓದಿದೆ, ಹೇಳಿಕೊಳ್ಳಲು ನಾಚಿಕೆ ಇಲ್ಲ. ನಾಲ್ವಡಿಯವರು 1918ರಲ್ಲೇ ಮಿಲ್ಲರ್ ಸಮಿತಿ ಮಾಡಿ ಮೈಸೂರಿನ ಸರ್ಕಾರಿ ಕೆಲಸದಲ್ಲಿ ಬ್ರಾಹ್ಮಣೇತರರಿಗೆ ಪಾಲು ಕೊಡುವ ದಾರಿ ಹುಡುಕಿದರು. ಆಗಲೂ ಯೋಗ್ಯತೆಯ ವಾದವೇ ಎದುರು ಬಂದಿತ್ತು. ವಿಶ್ವೇಶ್ವರಯ್ಯನವರಂಥ ದೊಡ್ಡವರೇ ಅದನ್ನು ಒಪ್ಪದೆ ದಿವಾನಗಿರಿ ಬಿಟ್ಟರು. ನೂರು ವರ್ಷದ ಹಿಂದೆ ಮೈಸೂರಿನಲ್ಲಿ ನಡೆದ ಜಗಳವೇ ಈಗ ಅಟ್ಲಾಂಟಾದ ನಮ್ಮ ಡೈನಿಂಗ್ ಟೇಬಲ್ಲಿಗೆ ಬಂದಿದೆ.

ಇನ್ನೊಂದು ಮಾತು. ಫೋರ್ಸೈತ್ ಕತೆ ಓದಿ ನಿಮಗೆಲ್ಲ ಆಘಾತವಾಗಿದೆ. ನನಗೆ ಕಂಬಾಲಪಲ್ಲಿ ನೆನಪಾಯಿತು. 2000ನೇ ಇಸವಿ ಮಾರ್ಚ್, ಏಳು ಜನ ದಲಿತರನ್ನು ಮನೆಯೊಳಗೆ ಸುಟ್ಟರು. ಆರೋಪಿಗಳೆಲ್ಲ ಖುಲಾಸೆಯಾದರು. 1912ರದಲ್ಲ, ನಮ್ಮ ಕಾಲದ್ದು. ನಿಮ್ಮಲ್ಲಿ ಎಷ್ಟು ಜನಕ್ಕೆ ಅದು ಗೊತ್ತು?

ಕೊಪ್ಪದ ಹುಡುಗಿ

ನನಗೆ ಗೊತ್ತಿರಲಿಲ್ಲ. ಕ್ಷಮಿಸಿ. ಅಪ್ಪನಿಗೆ ಓದಿ ಹೇಳಿದೆ. ಅವರಿಗೆ ಗೊತ್ತಿತ್ತು. ಶಾಲೆಯಲ್ಲಿ ನಮಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು, "ಹೇಳಬೇಕಿತ್ತು" ಎಂದರು.

ಹೊಸಗಾಳಿ

ನನಗೆ 19 ವರ್ಷ, ಇಲ್ಲೇ ಹುಟ್ಟಿದ್ದು, ಕನ್ನಡ ಭಾನುವಾರದ ಕ್ಲಾಸಿನಲ್ಲಿ ಕಲಿತದ್ದು. ತಪ್ಪಿದ್ದರೆ ತಿದ್ದಿ.

ನಮ್ಮ ಮನೆಗಳಲ್ಲಿ ಒಂದು ಮಾತು ಕೇಳುತ್ತಾ ಬೆಳೆದೆ. "ಆ ಕಡೆ ಹೋಗಬೇಡ, ಅಲ್ಲಿ ಕರಿಯರು ಜಾಸ್ತಿ." ನನ್ನ ರೂಮ್‌ಮೇಟ್ ಕಪ್ಪು ಹುಡುಗಿ. ಅವಳು ಮನೆಗೆ ಬಂದಾಗ ಅಮ್ಮ ಪ್ರೀತಿಯಿಂದ ಹೋಳಿಗೆ ಬಡಿಸಿದರು. ಅವಳು ಹೋದ ಮೇಲೆ ಒಬ್ಬರು ನೆಂಟರು ಫೋನಿನಲ್ಲಿ "ಕರಿಯರ ಹುಡುಗಿ ಜೊತೆ ಯಾಕೆ ಇರೋದು" ಎಂದರು. ನಾನು ಸ್ಪೀಕರಿನಲ್ಲೇ ಕೇಳಿದೆ. ಆ ಪದವನ್ನು ಮನೆಯಲ್ಲಿ ನಿಲ್ಲಿಸಿ ಅಂತ ಜಗಳ ಆಡಿದೆ.

ಹೇಮಾವತಿ

ಪುಟ್ಟಾ, ಪದದ ಬಗ್ಗೆ ಒಂದು ಮಾತು. ನಮ್ಮೂರಲ್ಲಿ ಕರಿಯ, ಕರಿಯಪ್ಪ, ಕರಿಯಮ್ಮ ಅಂತ ಹೆಸರಿಡುತ್ತಾರೆ. ಕರಿಯಮ್ಮ ದೇವತೆ. ನಮ್ಮ ಪದದಲ್ಲಿ ಬೈಗುಳ ಇಲ್ಲ. ಇಂಗ್ಲಿಷಿನ ಕಣ್ಣಿನಿಂದ ನೋಡಬೇಡ.

ಹೊಸಗಾಳಿ

ಆಂಟೀ, ದೇವರ ಹೆಸರು ಹೇಳುವಾಗಿನ ದನಿಯೇ ಬೇರೆ, ಆ ನೆಂಟರ ದನಿಯೇ ಬೇರೆ. ನನ್ನ ಕನ್ನಡ ಕಡಿಮೆ ಇರಬಹುದು, ದನಿ ತಿಳಿಯುತ್ತದೆ.

ಹೇಮಾವತಿ

ಅದು ನಿಜ. ಹೆಣ್ಣು ನೋಡೋಕೆ ಬಂದವರು ನನ್ನ ಬಗ್ಗೆ "ಸ್ವಲ್ಪ ಕಪ್ಪು" ಎಂದ ದನಿ ನನಗೂ ಮರೆತಿಲ್ಲ. ಸರಿ, ಒಪ್ಪಿದೆ.

ಯಲ್ಲಾಪುರ ತಾಲೂಕು

ನಮ್ಮೂರ ಪಕ್ಕದ ಕಾಡಿನಲ್ಲಿ ಸಿದ್ದಿಗಳಿದ್ದಾರೆ. ಆಫ್ರಿಕಾ ಮೂಲದವರು. ನೂರಾರು ವರ್ಷದಿಂದ ನಮ್ಮ ಜೊತೆ ಇದ್ದಾರೆ, ಕೊಂಕಣಿ, ಕನ್ನಡ ಮಾತಾಡುತ್ತಾರೆ. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಪಟ್ಟಿ ಸಿಕ್ಕಿದ್ದು 2003ರಲ್ಲಿ. ನನ್ನ ಜೊತೆ ಓದಿದ ಸಿದ್ದಿ ಹುಡುಗ ಬೆಂಗಳೂರಿಗೆ ಹೋದರೆ ಆಟೋದವರು ಅವನ ಹತ್ತಿರ ಇಂಗ್ಲಿಷಿನಲ್ಲಿ ಮಾತಾಡುತ್ತಾರೆ, ಬಾಡಿಗೆ ಮನೆಯವರು ಪಾಸ್‌ಪೋರ್ಟ್ ಕೇಳುತ್ತಾರೆ. ಅವನು ಅಚ್ಚಗನ್ನಡದಲ್ಲಿ "ನಾನು ಯಲ್ಲಾಪುರದವ ಮಾರಾಯ್ರೆ" ಎಂದರೂ ನಂಬಲ್ಲ. 2016ರಲ್ಲಿ ಹೆಸರಘಟ್ಟ ರಸ್ತೆ ಕಡೆ ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಕೈಮಾಡಿತಲ್ಲ, ಅವಳು ಮಾಡಿದ ತಪ್ಪು ಏನೂ ಇರಲಿಲ್ಲ. ಬೇರೆ ಯಾರದೋ ಅಪಘಾತದ ಸಿಟ್ಟು ಅವಳ ಮೇಲೆ ಹೋಯಿತು. ಚರ್ಮ ಒಂದೇ ಅಂತ.

ನಿರ್ವಾಹಕ

ಎಲ್ಲರೂ ಚೆನ್ನಾಗಿ ಬರೆಯುತ್ತಿದ್ದೀರಿ. ಅಮೆರಿಕದ ವಿಷಯಕ್ಕೆ ಸ್ವಲ್ಪ ವಾಪಸ್ ಬನ್ನಿ. ಕೊಪ್ಪದವರು ಓಟಿನ ಬಗ್ಗೆಯೂ ಕೇಳಿದ್ದಾರೆ.

ಜಯನಗರ 4ನೇ ಬ್ಲಾಕ್

ನಾನು ಬೆಂಗಳೂರಿನಲ್ಲಿ ಕೂತು ಓದುತ್ತಿದ್ದೇನೆ. ಒಂದು ಅನುಮಾನ. ಇಷ್ಟೆಲ್ಲ ಗೊತ್ತಿದ್ದ ಮೇಲೆ, ಚುನಾವಣೆ ನಡೆಯುವ ದೇಶ, ಬಹುಮತದಿಂದ ಸರಿ ಮಾಡಬಹುದಲ್ಲ? ಏನು ಅಡ್ಡಿ?

ಚೌಕಟ್ಟು

ಬಹುಮತ ಇದ್ದರೆ ಸಾಲದು, ಅದೇ ತೊಡಕು. ಇಲ್ಲಿನ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನಲ್ಲಿ ಪ್ರತಿ ರಾಜ್ಯಕ್ಕೂ ಇಬ್ಬರೇ. ಆರು ಲಕ್ಷವೂ ಜನ ಇಲ್ಲದ ವಯೋಮಿಂಗ್‌ಗೂ ಇಬ್ಬರು, ಸುಮಾರು ನಾಲ್ಕು ಕೋಟಿ ಜನರ ಕ್ಯಾಲಿಫೋರ್ನಿಯಾಕ್ಕೂ ಇಬ್ಬರು. ಜೊತೆಗೆ ಫಿಲಿಬಸ್ಟರ್ ಎಂಬ ನಿಯಮ, ಅಂದರೆ ಚರ್ಚೆ ಮುಗಿಯಲು ಬಿಡದೆ ಮಸೂದೆಯನ್ನು ತಡೆದು ಹಿಡಿಯುವುದು. 100ರಲ್ಲಿ 60 ಮತ ಇಲ್ಲದಿದ್ದರೆ ಹೆಚ್ಚಿನ ಮಸೂದೆಗಳು ಮತಕ್ಕೇ ಬರುವುದಿಲ್ಲ. ದಕ್ಷಿಣದ ಸೆನೆಟರ್‌ಗಳು ನಾಗರಿಕ ಹಕ್ಕಿನ ಮಸೂದೆಗಳನ್ನು ದಶಕಗಟ್ಟಲೆ ತಡೆದದ್ದು ಇದೇ ನಿಯಮದಿಂದ. 1957ರಲ್ಲಿ ಅವರಲ್ಲಿ ಸ್ಟ್ರಾಮ್ ಥರ್ಮಂಡ್ ಒಬ್ಬನೇ 24 ಗಂಟೆಗೂ ಜಾಸ್ತಿ ಮಾತಾಡುತ್ತಾ ನಿಂತ.

1965ರ ಮತದಾನದ ಕಾನೂನಿನಲ್ಲಿ ಒಂದು ಗಟ್ಟಿ ಹಲ್ಲಿತ್ತು. ಹಿಂದೆ ಮೋಸ ಮಾಡಿದ ರಾಜ್ಯಗಳು ಚುನಾವಣೆಯ ನಿಯಮ ಬದಲಿಸುವ ಮೊದಲು ಕೇಂದ್ರದ ಒಪ್ಪಿಗೆ ಪಡೆಯಬೇಕಿತ್ತು. ಜಾರ್ಜಿಯಾವೂ ಆ ಪಟ್ಟಿಯಲ್ಲಿತ್ತು. 2013ರಲ್ಲಿ ಶೆಲ್ಬಿ ಕೌಂಟಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 5–4ರಿಂದ ಆ ಹಲ್ಲನ್ನು ಕಿತ್ತಿತು. ಯಾವ ರಾಜ್ಯಗಳು ಎಂದು ಹೇಳುವ ಲೆಕ್ಕ ಹಳೇದಾಯಿತು ಎಂಬುದು ಕಾರಣ. ಹೊಸ ಲೆಕ್ಕ ಹಾಕಿ ಅದನ್ನು ಮತ್ತೆ ತರುವ ಮಸೂದೆ 2022ರ ಜನವರಿಯಲ್ಲಿ ಸೆನೆಟ್‌ನಲ್ಲೇ ಬಿದ್ದುಹೋಯಿತು. ಫಿಲಿಬಸ್ಟರ್.

2021ರಲ್ಲಿ ಜಾರ್ಜಿಯಾ ಹೊಸ ಕಾನೂನು ತಂದಿತು. ಮತಗಟ್ಟೆಯಿಂದ 150 ಅಡಿಯೊಳಗೆ ಸಾಲಿನಲ್ಲಿ ನಿಂತವರಿಗೆ ಸ್ವಯಂಸೇವಕರು ನೀರು ಕೊಟ್ಟರೂ ಅಪರಾಧ. ಉದ್ದ ಸಾಲುಗಳು ಜಾಸ್ತಿ ಕಾಣುವುದು ಕಪ್ಪು ಜನ ಇರುವ ಕಡೆ. ನನ್ನ ಬೀದಿಯಲ್ಲಿ ನಾನು ಹತ್ತು ನಿಮಿಷದಲ್ಲಿ ಓಟು ಹಾಕಿ ಬಂದಿದ್ದೇನೆ.

ಡುಲೂತ್ ದಾವಣಗೆರೆ

ಚುನಾವಣಾ ಸಿಬ್ಬಂದಿಯೇ ಒಂದು ಕಡೆ ನೀರು ಇಡಬಹುದು ಅಂತಲೂ ಆ ಕಾನೂನಿನಲ್ಲಿ ಇದೆ. ಅದನ್ನೂ ಹೇಳಿ. ಅರ್ಧ ಹೇಳಬೇಡಿ.

ಚೌಕಟ್ಟು

ಇದೆ. ನಾನು ಬಿಟ್ಟಿದ್ದು ತಪ್ಪು. ಇಡಬಹುದು, ಇಡಲೇಬೇಕು ಅಂತ ಇಲ್ಲ.

ಹಂಟ್ಸ್‌ವಿಲ್ ಹುಬ್ಳಿ

ನಾನು ಅಲಬಾಮಾದಲ್ಲಿದ್ದೇನೆ. 2015ರ ಫೆಬ್ರವರಿಯಲ್ಲಿ ನಮ್ಮ ಪಕ್ಕದ ಮ್ಯಾಡಿಸನ್‌ನಲ್ಲಿ ನಡೆದದ್ದು ಇಲ್ಲಿ ಹೇಳಬೇಕು. ಗುಜರಾತಿನಿಂದ ಮೊಮ್ಮಗನನ್ನು ನೋಡಿಕೊಳ್ಳಲು ಬಂದಿದ್ದ 57 ವರ್ಷದ ಅಜ್ಜ ಬೆಳಗ್ಗೆ ಮಗನ ಮನೆಯ ಬೀದಿಯಲ್ಲಿ ವಾಕಿಂಗ್ ಹೋಗುತ್ತಿದ್ದರು. ಯಾರೋ ಪೊಲೀಸರಿಗೆ ಫೋನ್ ಮಾಡಿ, ತೆಳ್ಳಗಿನ ಕಪ್ಪು ಮನುಷ್ಯನೊಬ್ಬ ಓಡಾಡುತ್ತಿದ್ದಾನೆ ಎಂದರು. ಅಜ್ಜನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಪೊಲೀಸ್ ಅವರನ್ನು ಎತ್ತಿ ನೆಲಕ್ಕೆ ಕೆಡವಿದ. ಬೆನ್ನುಮೂಳೆಗೆ ಏಟು ಬಿದ್ದು ದೇಹದ ಸ್ವಾಧೀನವೇ ತಪ್ಪಿತು. ವಿಡಿಯೋ ಇತ್ತು. ಎರಡು ಸಲ ಜ್ಯೂರಿ, ಅಂದರೆ ತೀರ್ಪು ಹೇಳುವ ಸಾಮಾನ್ಯ ನಾಗರಿಕರ ತಂಡ, ಒಮ್ಮತಕ್ಕೆ ಬರಲಿಲ್ಲ. 2016ರಲ್ಲಿ ನ್ಯಾಯಾಧೀಶರು ಆ ಅಧಿಕಾರಿಯನ್ನು ಖುಲಾಸೆ ಮಾಡಿದರು.

ನಮ್ಮ ಅಪ್ಪ ಅಮ್ಮಂದಿರೂ ಹೀಗೇ ಬೆಳಗ್ಗೆ ವಾಕಿಂಗ್ ಹೋಗುತ್ತಾರಲ್ಲ. ಆ ದಿನ ಫೋನ್ ಮಾಡಿದವರ ಕಣ್ಣಿಗೆ ಆ ಅಜ್ಜ ಗುಜರಾತಿ ಅಲ್ಲ, ಕಪ್ಪು ಮನುಷ್ಯ. ಸಂಬಂಧ ಇಲ್ಲ ಅಂತ ನಾವು ಹೇಳಬಹುದು. ನೋಡುವವರು ಹಾಗೆ ಬೇರೆ ಮಾಡಿ ನೋಡಲ್ಲ.

ಡುಲೂತ್ ದಾವಣಗೆರೆ

ಆ ಸುದ್ದಿ ನೋಡಿ ಅವತ್ತು ಅಳು ಬಂದಿತ್ತು. ನಮ್ಮ ಮಾವ ಆಗ ಇಲ್ಲೇ ಇದ್ದರು, ಒಂದು ವಾರ ಹೊರಗೆ ಬಿಡಲಿಲ್ಲ.

ಆದರೂ ಪೊಲೀಸರೇ ಬೇಡ ಅನ್ನುವವರ ಜೊತೆ ನಾನಿಲ್ಲ. 2020ರಲ್ಲಿ ಪೊಲೀಸರ ವಿರುದ್ಧದ ಪ್ರತಿಭಟನೆಗಳ ಹೊತ್ತಿಗೆ ನನ್ನ ಸ್ನೇಹಿತನ ಅಂಗಡಿಯ ಗಾಜು ಒಡೆದರು, ಅವನು ಯಾರಿಗೂ ಕೆಟ್ಟದ್ದು ಮಾಡಿದವನಲ್ಲ. ಇನ್ನೊಂದು, ರಿಪಬ್ಲಿಕನ್ ಪಕ್ಷ ಅಂದ ಕೂಡಲೇ ಕೆಟ್ಟವರು ಅನ್ನಬೇಡಿ. ಬ್ರನ್ಸ್‌ವಿಕ್ ಹತ್ತಿರ ಜಾಗಿಂಗ್ ಮಾಡುತ್ತಿದ್ದ 25 ವರ್ಷದ ಕಪ್ಪು ಹುಡುಗನನ್ನು ಅಟ್ಟಿಸಿಕೊಂಡು ಹೋಗಿ ಕೊಂದ ಮೇಲೆ, ಸಾಮಾನ್ಯ ಜನರೇ ಬಂಧಿಸಬಹುದು ಎಂಬ 1863ರ ಕಾನೂನನ್ನು 2021ರಲ್ಲಿ ಜಾರ್ಜಿಯಾ ರದ್ದು ಮಾಡಿತು. ಸಹಿ ಹಾಕಿದ್ದು ಗವರ್ನರ್ ಕೆಂಪ್, ರಿಪಬ್ಲಿಕನ್.

ಹಳೇ ಮೈಸೂರು

ಹಾಕಿದರು, ಮೆಚ್ಚಬೇಕು. ಆದರೆ ನೀವೇ ನೋಡಿ ದಾವಣಗೆರೆಯವರೇ. ಒಂದು ಕಾನೂನು ತೋರಿಸಿ ಎಂದಿದ್ದಿರಿ. 1863ರ ಒಂದು ಕಾನೂನನ್ನು ಈಗ ನೀವೇ ತೋರಿಸಿದಿರಿ. 2021ರವರೆಗೂ ಜೀವಂತ ಇತ್ತು.

ಡುಲೂತ್ ದಾವಣಗೆರೆ

ಹೌದು ಸರ್. ಬರೆದ ಮೇಲೆ ನನಗೂ ಹೊಳೆಯಿತು.

ಮಗು ಬರುತ್ತಿದೆ

ನಾವಿಬ್ಬರೂ ಎಚ್-1ಬಿ ಎಂಬ ತಾತ್ಕಾಲಿಕ ಕೆಲಸದ ವೀಸಾದಲ್ಲಿದ್ದೇವೆ. ಹೆರಿಗೆಗೆ ಎರಡು ತಿಂಗಳಿದೆ. 2025ರ ಜನವರಿ 20ರಂದು ಟ್ರಂಪ್ ಹೊರಡಿಸಿದ ಆದೇಶ ನಿಮಗೆಲ್ಲ ಗೊತ್ತು. ತಾತ್ಕಾಲಿಕ ವೀಸಾದವರ ಮಕ್ಕಳಿಗೆ ಹುಟ್ಟಿನಿಂದ ಪೌರತ್ವ ಇಲ್ಲ ಎಂದು. ಕೋರ್ಟುಗಳು ತಡೆ ಕೊಟ್ಟವು. ಆ ದಿನಗಳಲ್ಲಿ ಸಂವಿಧಾನದ 14ನೇ ತಿದ್ದುಪಡಿ ಏನು ಎಂದು ಮೊದಲ ಸಲ ಓದಿದೆ. ಇಲ್ಲಿ ಹುಟ್ಟಿದವರೆಲ್ಲ ಇಲ್ಲಿನ ಪ್ರಜೆಗಳು ಎಂದು 1868ರಲ್ಲಿ ಬರೆದದ್ದು ಯಾರಿಗಾಗಿ? ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನರಿಗಾಗಿ. 1898ರಲ್ಲಿ ಚೀನೀ ದಂಪತಿಯ ಮಗ ವಾಂಗ್ ಕಿಮ್ ಆರ್ಕ್ ಅದೇ ಸಾಲು ಹಿಡಿದು ಗೆದ್ದ. ಈಗ ಹೊಟ್ಟೆಯಲ್ಲಿರುವ ನನ್ನ ಮಗು ನೆಚ್ಚಿಕೊಂಡಿರುವುದೂ ಅದೇ ಸಾಲನ್ನು.

ಸಂಬಂಧ ಇದೆಯಾ ಎಂದು ಕೇಳಿದಿರಿ. ನನ್ನ ಮಟ್ಟಿಗೆ ಇದೆ.

ಹೇಮಾವತಿ

ತಾಯೀ, ಧೈರ್ಯವಾಗಿರಿ. ಬಾಣಂತನಕ್ಕೆ ಯಾರೂ ಬರಲು ಆಗದಿದ್ದರೆ ಮೆಸೇಜ್ ಮಾಡಿ. ಮೆಣಸಿನ ಸಾರು, ಅಂಟಿನ ಉಂಡೆ ನಾನು ತಂದುಕೊಡುತ್ತೇನೆ.

ಮತಗಟ್ಟೆ ಕೆಲಸದವಳು

ಕೊಪ್ಪದವರಿಗೆ, ಮೊದಲ ಓಟಿನ ಬಗ್ಗೆ. ನಾನು ಎರಡು ಚುನಾವಣೆಗಳಲ್ಲಿ ಮತಗಟ್ಟೆಯಲ್ಲಿ ಕೆಲಸ ಮಾಡಿದ್ದೇನೆ. ಜಾರ್ಜಿಯಾದಲ್ಲಿ ಚುನಾವಣೆಗೆ ಸುಮಾರು ಒಂದು ತಿಂಗಳು ಮೊದಲೇ ಹೆಸರು ನೋಂದಾಯಿಸಬೇಕು. ಫೋಟೋ ಇರುವ ಗುರುತಿನ ಚೀಟಿ ಬೇಕು. ಪಕ್ಷಕ್ಕೆ ಹೆಸರು ಬರೆಸುವ ಪದ್ಧತಿ ಇಲ್ಲಿಲ್ಲ, ಪ್ರೈಮರಿ (ಪಕ್ಷಗಳು ತಮ್ಮ ಅಭ್ಯರ್ಥಿಯನ್ನು ಆರಿಸುವ ಚುನಾವಣೆ) ದಿನ ಯಾವ ಪಕ್ಷದ ಮತಪತ್ರ ಬೇಕು ಎಂದು ಅಲ್ಲೇ ಕೇಳಬಹುದು. ಗ್ರೀನ್ ಕಾರ್ಡಿನವರು ಮಾತ್ರ ಯಾರು ಹೇಳಿದರೂ ಫಾರಂಗೆ ಸಹಿ ಹಾಕಬೇಡಿ, ಗಡೀಪಾರಿನವರೆಗೂ ಹೋಗುತ್ತದೆ.

ಅಧ್ಯಕ್ಷರ ಹೆಸರಿಗೆ ಒಂದು ಗುರುತು ಹಾಕಿ ಹೊರಟುಬಿಡುವವರನ್ನು ತುಂಬ ನೋಡಿದ್ದೇನೆ. ಕೆಳಗೆ ಶೆರಿಫ್, ಶಾಲಾ ಮಂಡಳಿ, ಕೌಂಟಿ ಕಮಿಷನರ್, ಜಿಲ್ಲಾ ಅಟಾರ್ನಿ ಇರುತ್ತಾರೆ. ಯಾರ ಮೇಲೆ ಕೇಸು ಹಾಕಬೇಕು, ಮಕ್ಕಳಿಗೆ ಯಾವ ಚರಿತ್ರೆ ಕಲಿಸಬೇಕು ಎಂದು ದಿನಾ ತೀರ್ಮಾನ ಮಾಡುವವರು ಅವರು. 2022ರಲ್ಲಿ ಈ ರಾಜ್ಯ, ಶಾಲೆಯಲ್ಲಿ ಜನಾಂಗದ ವಿಷಯ ಹೇಗೆ ಕಲಿಸಬಾರದು ಎಂದು ಕಾನೂನು ಮಾಡಿದೆ. ಅದನ್ನು ಬಿಗಿಯಾಗಿ ಹಿಡಿಯಬೇಕಾ, ಸಡಿಲವಾಗಿ ಹಿಡಿಯಬೇಕಾ ಎನ್ನುವುದು ನಮ್ಮ ಶಾಲಾ ಮಂಡಳಿಗೆ ಬಿಟ್ಟಿದ್ದು.

ಕೊಪ್ಪದ ಹುಡುಗಿ

ಎಲ್ಲರಿಗೂ ಉತ್ತರ ಬರೆಯೋಕೆ ಆಗಲಿಲ್ಲ. ನಿನ್ನೆ ನಡೆದದ್ದು ಹೇಳುತ್ತೇನೆ.

ನಮ್ಮ ಪಕ್ಕದ ಮನೆಯಲ್ಲಿ ಬಿಳಿಯ ಅಜ್ಜಿ ಇದ್ದಾರೆ. ಇಲ್ಲೇ ಹುಟ್ಟಿ ಬೆಳೆದವರು. ಅಪ್ಪ ಅವರಿಗೆ ನಮ್ಮ ಹಿತ್ತಿಲಿನ ಬಸಳೆ ಕೊಡಲು ಹೋದಾಗ ನಾನೂ ಹೋದೆ. ಅಪ್ಪ ನೇರವಾಗಿ ಫಲಕದ ಬಗ್ಗೆ ಕೇಳಿಬಿಟ್ಟರು. ನಾನು ಬೆವರಿದೆ. ಅಜ್ಜಿ ಕೂತುಕೊಳ್ಳಲು ಹೇಳಿದರು.

1987ರ ಜನವರಿ 17ರಂದು ನಾಗರಿಕ ಹಕ್ಕುಗಳ ಹೋರಾಟಗಾರ ಹೊಸಿಯಾ ವಿಲಿಯಮ್ಸ್ ಮುಂದಾಳತ್ವದಲ್ಲಿ ಸಣ್ಣ ಗುಂಪೊಂದು ಇಲ್ಲಿ ಮೆರವಣಿಗೆ ಮಾಡಲು ಬಂದಾಗ ಕಲ್ಲು, ಬಾಟಲಿ ಬಿದ್ದವು. ಮುಂದಿನ ಶನಿವಾರ ಸುಮಾರು 20 ಸಾವಿರ ಜನ ಬಂದರು. ಮಾರ್ಟಿನ್ ಲೂಥರ್ ಕಿಂಗ್ ಅವರ ಹೆಂಡತಿ ಕೊರೆಟಾ ಸ್ಕಾಟ್ ಕಿಂಗ್ ಬಂದರು. ನ್ಯಾಷನಲ್ ಗಾರ್ಡ್ ಎಂಬ ಮೀಸಲು ಸೇನೆ ಕಾವಲು ನಿಂತಿತ್ತು. ಅಜ್ಜಿಗೆ ಆಗ ಮೂವತ್ತರ ಆಸುಪಾಸು. ಎರಡು ಶನಿವಾರವೂ ಪರದೆ ಎಳೆದುಕೊಂಡು ಮನೆಯೊಳಗೇ ಇದ್ದರಂತೆ. ಕಲ್ಲು ಎಸೆದವರಲ್ಲಿ ತಮ್ಮ ಪರಿಚಯದವರೂ ಇದ್ದರು, ಮಾರನೇ ದಿನ ಅಂಗಡಿಯಲ್ಲಿ ಸಿಕ್ಕಾಗ ನಮಸ್ಕಾರ ಹೇಳಿದೆ, ಏನೂ ಕೇಳಲಿಲ್ಲ ಎಂದರು. ಇಷ್ಟು ಹೇಳಿ ಅತ್ತರು. ಅಪ್ಪನಿಗೆ ಅವರ ಇಂಗ್ಲಿಷ್ ಪೂರ್ತಿ ತಿಳಿಯಲಿಲ್ಲ, ಆದರೂ ಅವರ ಕೈ ಹಿಡಿದು ಕೂತಿದ್ದರು.

ಬರುವ ಶನಿವಾರ ಆ ಅಜ್ಜಿ ನಮ್ಮ ಜೊತೆ ಫಲಕದ ಹತ್ತಿರ ಬರುತ್ತಾರೆ. ಅಲ್ಲಿಂದ ಲೈಬ್ರರಿಗೆ ಹೋಗಿ, 1912ಕ್ಕೆ ಮೊದಲಿನ ಜಮೀನಿನ ದಾಖಲೆ ಎಲ್ಲಿ ನೋಡಬಹುದು ಎಂದು ಕೇಳಬೇಕು ಎಂಬುದು ಅಪ್ಪನ ಹಟ. ನಮ್ಮ ಸೈಟಿನದ್ದೂ ನೋಡಬೇಕಂತೆ. ಮನೆಯವರು ಮೊದಲು ಬೇಡ ಎಂದರು. ರಾತ್ರಿ ಊಟ ಆದ ಮೇಲೆ ಅವರೇ ಬಂದು "ಮನೆ ಪತ್ರದ ಕಾಪಿ ತಗೊಂಡು ಹೋಗಿ, ಅದರಲ್ಲಿ ನಮ್ಮ ಸರ್ವೆ ನಂಬರ್ ಥರ ಲ್ಯಾಂಡ್ ಲಾಟ್ ನಂಬರ್ ಇರುತ್ತೆ" ಎಂದರು.

ಯಾರಾದರೂ ಬರುವುದಿದ್ದರೆ ಬೆಳಗ್ಗೆ 10ಕ್ಕೆ.

ಶರಾವತಿ ಕಣಿವೆ

ನಾನು ಬರುತ್ತೇನೆ.

ಹೊಸಗಾಳಿ

ನಾನು, ನನ್ನ ರೂಮ್‌ಮೇಟ್ ಇಬ್ಬರೂ. ಅವಳ ಅಜ್ಜಿಯ ಮನೆಯವರು ಜಾರ್ಜಿಯಾದವರೇ.

ಡುಲೂತ್ ದಾವಣಗೆರೆ

ನನ್ನ ವ್ಯಾನಿನಲ್ಲಿ ಏಳು ಸೀಟಿದೆ. ಗ್ವಿನೆಟ್ ಕೌಂಟಿ ಕಡೆಯಿಂದ ಯಾರು ಬರುತ್ತೀರಿ ಹೇಳಿ, 9ಕ್ಕೆ ಹೊರಡೋಣ. ಮಗನನ್ನೂ ಕರೆತರುತ್ತೇನೆ.